ಸೈಲೆನ್ಸರ್ ಮೇಲಿನ ಪ್ಯಾಸ್ಟಿ

ಹೆಂಡತಿ ಬೈಯುವಷ್ಟು ದಿನ ಗಂಡನಿಗೆ ಭಯವಿಲ್ಲ. ಅವಳು ಬೈಯುವುದನ್ನು ನಿಲ್ಲಿಸಿದ ದಿನ ಮಾತ್ರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಈ ಪರಮಸತ್ಯ ಕಲೇವಿಗೆ ಹೊಳೆಯುವ ಹೊತ್ತಿಗೆ ಅವನಿಗೆ ಅರವತ್ತೆಂಟು ತುಂಬಿತ್ತು. ಜನವರಿ ತಿಂಗಳು, ಅಂಗಳದ ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು. ಲೆಂಪಿ ಬೈಯುವುದನ್ನು ನಿಲ್ಲಿಸಿದ್ದಳು. ಅವನು ಬೂಟಿನ ಹಿಮವನ್ನು ಅಡುಗೆಮನೆಯವರೆಗೆ ತಂದು ಕರಗಿಸಿದರೂ ಬೈಯಲಿಲ್ಲ. ಕಾಫಿಯನ್ನು ಬಸಿಗೆ ಸುರಿದುಕೊಂಡು ನೆರೆಮನೆಗೆ ಕೇಳುವ ಹಾಗೆ ಹೀರಿದರೂ ಬೈಯಲಿಲ್ಲ. ಮಲಗುವ ಕೋಣೆಯಲ್ಲಿ ನೀಲಿ ಸೂಟ್‌ಕೇಸೊಂದು ತೆರೆದೇ ಕೂತಿತ್ತು. ಅದರಲ್ಲಿ ಒಂದೇ ಒಂದು ಉಣ್ಣೆಯ ಬಟ್ಟೆ ಇರಲಿಲ್ಲ.

ಲೆಂಪಿ ಫ್ಲಾರಿಡಾಕ್ಕೆ ಹೊರಟಿದ್ದಳು. ಅಲ್ಲಿ ಅವಳ ಅಕ್ಕ ಹಿಲ್ಮಾ, ಗಂಡ ತೀರಿಕೊಂಡ ಮೇಲೆ, ಒಂದು ಪುಟ್ಟ ಮನೆ ಮಾಡಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಲೆಂಪಿಯ ಮೊಣಕಾಲುಗಳು ಚಳಿಗೆ ರಾಜೀನಾಮೆ ಕೊಟ್ಟು ವರ್ಷಗಳಾಗಿದ್ದವು.

“ಚಳಿಗಾಲ ಮುಗಿಯೋ ತನಕ ಇರ್ತೀನಿ. ಆಮೇಲೆ ನೋಡೋಣ” ಎಂದಿದ್ದಳು.

ಕಲೇವಿಯ ಎದೆಗೆ ನಾಟಿದ್ದು ಚಳಿಗಾಲವಲ್ಲ, ಆ ‘ಆಮೇಲೆ ನೋಡೋಣ’. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ದಂಡೆಯಲ್ಲಿ, ಫಿನ್ಲೆಂಡಿನಿಂದ ಬಂದು ನೆಲೆಸಿದ ಫಿನ್ನರ ಆ ಊರಿನಿಂದ ಹಾಗೆ ಹೇಳಿ ಹೋದವರು ಹಲವರು. ಮೊದಲು ಕಿತ್ತಳೆ ತೋಟದ ಚಿತ್ರವಿರುವ ಕಾರ್ಡು ಬರುತ್ತದೆ. ಆಮೇಲೆ ಕಾರ್ಡೂ ಬರುವುದಿಲ್ಲ. ಒಂದು ದಿನ ಅವರ ಮನೆಯ ಮುಂದಿನ ಹಿಮದಲ್ಲಿ ಮಾರಾಟದ ಹಲಗೆ ನೆಟ್ಟಿರುತ್ತದೆ. ನೋಡುವುದು ಅಲ್ಲಿಗೆ ಮುಗಿಯಿತು.

ಹಾಗಾದರೆ ಇವನೂ ಜೊತೆಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಲೆಂಪಿಯೂ ಕೇಳಿದ್ದಳು. ಎಲೆ ಉದುರುವ ಕಾಲದಲ್ಲಿ, ಆಲೂಗಡ್ಡೆ ಸುಲಿಯುತ್ತಾ, “ನೀನೂ ಬಾರೋ ಮುದುಕಾ” ಎಂದಿದ್ದಳು. ಕಲೇವಿ ತುಂಬ ಜಾಣನಂತೆ, “ಬೆವರೋಕೆ ಅಷ್ಟು ದೂರ ಯಾಕೆ? ಹಿತ್ತಲ ಸೌನಾದಲ್ಲಿ ಬೇಕಾದಷ್ಟು ಬಿಸಿ ಹಬೆ ಇದೆಯಲ್ಲ” ಎಂದುಬಿಟ್ಟಿದ್ದ. ಆ ಮಾತಿಗೆ ಅವನೊಬ್ಬನೇ ನಕ್ಕಿದ್ದು. ಲೆಂಪಿ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು, ಮತ್ತೆ ಆ ವಿಷಯ ಎತ್ತಲಿಲ್ಲ. ಈಗ ರಾತ್ರಿ ನಿದ್ದೆ ಬಾರದೆ ಹೊರಳುವಾಗ ಅವನಿಗೆ ತನ್ನ ನಾಲಿಗೆಯನ್ನು ಕಿತ್ತು ನಾಯಿಗೆ ಹಾಕೋಣ ಅನ್ನಿಸುತ್ತಿತ್ತು.

‘ಹೋಗಬೇಡ’ ಎಂದರೆ ಮುಗಿಯುತ್ತಿತ್ತು. ಆದರೆ ಆ ಊರಿನ ಗಂಡಸರ ಬಾಯಲ್ಲಿ ಅಂಥ ಮಾತು ಹುಟ್ಟುವುದಿಲ್ಲ. ಅವರು ಹೆಂಡತಿಯ ಮೇಲಿನ ಮಮತೆಯನ್ನು ಸೌದೆ ಒಡೆದು ತೋರಿಸುತ್ತಾರೆ. ತೀರ ಉಕ್ಕಿ ಬಂದರೆ ಅವಳ ಕಾರಿನ ಮೇಲಿನ ಹಿಮ ಗುಡಿಸುತ್ತಾರೆ. ಕಲೇವಿ ಆ ವಾರವೆಲ್ಲ ಸೌದೆ ಒಡೆದ. ರಟ್ಟೆ ಬಿದ್ದುಹೋಗುವಷ್ಟು ಒಡೆದ. ಲೆಂಪಿ ಕಿಟಕಿಯಿಂದ ನೋಡಿ, “ಒಳ್ಳೇದಾಯ್ತು ಬಿಡು, ನಾನಿಲ್ಲದಾಗ ನಿಂಗೆ ಬೇಕಾಗುತ್ತೆ” ಎಂದಳು.

ಆಗ ಅವನಿಗೆ ಆ ಮಹಾ ಯೋಚನೆ ಬಂದದ್ದು: ಡಬ್ಬಿ!

ಡಬ್ಬಿಯ ಪ್ರತಾಪ ಸ್ವಲ್ಪ ಹೇಳಬೇಕು. ಕಲೇವಿಯ ಬಳಿ ಒಂದು ಹಳೆಯ ಹಿಮಬಂಡಿ ಇತ್ತು. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಪಟ್ಟಿ, ನಡುವೆ ಗಂಟಲು ಕೆಟ್ಟ ಎಂಜಿನ್ನು. ಅದರ ಸೈಲೆನ್ಸರ್‌ಗೆ ಕಲೇವಿ ತನ್ನ ಕೈಯಾರೆ ಒಂದು ತಗಡಿನ ಡಬ್ಬಿ ಕಟ್ಟಿದ್ದ. ಬಂಡಿ ಓಡುತ್ತಿದ್ದಂತೆ ಹೊಗೆಯ ಕಾವಿಗೆ ಡಬ್ಬಿಯೊಳಗಿನ ಊಟ ಬಿಸಿಯಾಗಬೇಕು, ಇದು ಸಿದ್ಧಾಂತ. ಊರಿನ ಅರ್ಧ ಬಂಡಿಗಳಲ್ಲಿ ಇಂಥ ಡಬ್ಬಿಗಳಿದ್ದವು, ಎಲ್ಲರ ಊಟವೂ ಬಿಸಿಯಾಗುತ್ತಿತ್ತು. ಕಲೇವಿಯದು ಮಾತ್ರ ಸಿದ್ಧಾಂತದಲ್ಲೇ ಉಳಿಯಿತು. ಮದುವೆಯಾದ ಹೊಸದರಲ್ಲಿ ತೂತು ಮಾಡದೆ ಇಟ್ಟ ಬೀನ್ಸ್ ಕಾಳಿನ ಡಬ್ಬ ಸಿಡಿದು, ಲೆಂಪಿಯ ಹೊಸ ಕೋಟಿನ ಬೆನ್ನಿಗೆ ಕಾಳಿನ ಅಭಿಷೇಕವಾಗಿತ್ತು. ಆಮೇಲಿನ ಚಳಿಗಾಲಗಳಲ್ಲಿ ಮೀನು ಇದ್ದಿಲಾಯಿತು, ಸಾಸೇಜು ಒಂದು ಕಡೆ ಕೆಂಡ, ಇನ್ನೊಂದು ಕಡೆ ಮಂಜುಗಡ್ಡೆಯಾಯಿತು. ಎಲ್ಲದಕ್ಕೂ ಪೆಟ್ರೋಲಿನ ಒಗ್ಗರಣೆ. ಆದರೂ ಲೆಂಪಿ ಪ್ರತಿ ಚಳಿಗಾಲ ಒಂದು ಸಲವಾದರೂ ಅವನ ಬೆನ್ನ ಹಿಂದೆ ಕೂತು, ಕಾಡಿನಾಚೆಯ ಮರ ಕಡಿಯುವವರ ಹಳೆ ಗುಡಿಸಲಿಗೆ ಹೋಗಿ, ಅದನ್ನು ತಿಂದು ಬರುತ್ತಿದ್ದಳು. ಬೈಯುತ್ತಾ ತಿನ್ನುತ್ತಿದ್ದಳು. ಅವು ಸುಖದ ದಿನಗಳು.

ಈ ಸಲ ಅವಳಿಗೆ ಬಿಸಿಬಿಸಿ ಪ್ಯಾಸ್ಟಿ ತಿನ್ನಿಸಬೇಕು ಎಂದು ಕಲೇವಿ ನಿಶ್ಚಯಿಸಿದ. ಅದೂ ತಾನೇ ಮಾಡಿದ್ದು! ಬಾಯಿ ಹೇಳಲಾರದ್ದನ್ನು ಪ್ಯಾಸ್ಟಿ ಹೇಳುತ್ತದೆ. (ಪ್ಯಾಸ್ಟಿ ಎಂದರೆ ಕರ್ಜಿಕಾಯಿಯ ಆಕಾರ, ಚಪ್ಪಲಿಯ ಗಾತ್ರ. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ರೂಟಬೇಗ ಎಂಬ ಹಳದಿ ಗಡ್ಡೆ. ಅದಕ್ಕೆ ಕ್ಯಾರೆಟ್ ಹಾಕುವವರೂ ಇದ್ದಾರೆ. ಅವರ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ.) ಕಲೇವಿ ಜೀವಮಾನದಲ್ಲಿ ಮೊಟ್ಟೆ ಬೇಯಿಸಿದವನಲ್ಲ. ಮನೆಯಲ್ಲಿ ಕಲಿಯುವಂತಿರಲಿಲ್ಲ. ಹಾಗಾಗಿ ನೆರೆಮನೆಯ ಎಸ್ಕೊನ ಒಲೆಗೆ ಶರಣಾದ.

ಎಸ್ಕೊನ ಹೆಂಡತಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಬೀನ್ಸ್ ಡಬ್ಬಗಳ ಮೇಲೆ ಬದುಕಿದ್ದ, ಬೆಲ್ಟು ಕಳೆದುಹೋದ ಮೇಲೆ ಪ್ಯಾಂಟನ್ನು ಸೆಣಬಿನ ಹಗ್ಗದಲ್ಲಿ ಬಿಗಿದಿದ್ದ. ಲೆಂಪಿ ಚರ್ಚಿನ ಹೆಂಗಸರ ಕಾಫಿಗೆ ಹೋದಾಗಲೆಲ್ಲ ಕಲೇವಿ ಎಸ್ಕೊನ ಅಡುಗೆಮನೆಯಲ್ಲಿ ಹಿಟ್ಟಿನೊಡನೆ ಕುಸ್ತಿಗಿಳಿಯುತ್ತಿದ್ದ. ಮೊದಲನೆಯ ಪ್ಯಾಸ್ಟಿಯನ್ನು ಕೊಡಲಿಯಿಂದ ಒಡೆಯಬೇಕಾಯಿತು. ಎರಡನೆಯದು ಒಲೆಯೊಳಗೇ ಬಾಯಿಬಿಟ್ಟು ಕರುಳು ಕಾರಿತು. ಎಸ್ಕೊ ಎಲ್ಲವನ್ನೂ ತಿಂದ. ಸೀದದ್ದನ್ನು ತಿಂದ, ಬೇಯದ್ದನ್ನು ತಿಂದ, ಕಣ್ಣಲ್ಲಿ ನೀರು ತಂದುಕೊಂಡು ತಿಂದ.

“ಲೋ ಕಲೇವಿ, ಇಷ್ಟೆಲ್ಲ ರಂಪಾಟ ಯಾಕೋ?” ಎಂದ ಒಂದು ದಿನ, ತಟ್ಟೆ ಒರೆಸಿ ನೆಕ್ಕುತ್ತಾ. “ಹೋಗ್ಬೇಡ ಕಣೇ ಅಂತ ಅಂದ್ಬಿಡು. ಒಂದು ಉಸಿರಿನ ಕೆಲಸ.”

“ನೀನು ಆ ಥರ ಮಾತು ಯಾವತ್ತಾದ್ರೂ ಆಡಿದ್ಯೇನೋ ನಿನ್ನ ಹೆಂಡ್ತಿ ಹತ್ರ?”

ಎಸ್ಕೊ ನೆಕ್ಕುತ್ತಿದ್ದ ತಟ್ಟೆಯನ್ನು ಕೆಳಗಿಟ್ಟ. “ಆಡ್ಬೇಕು ಅಂತ ಇದ್ದೆ” ಎಂದ. “ಬೇಸಿಗೆ ಬರ್ಲಿ ಅಂತ ಕಾಯ್ತಿದ್ದೆ.”

ಕಲೇವಿ ಎದ್ದು ಮತ್ತೆ ಹಿಟ್ಟು ಕಲಸಿದ. ಮುಂದಿನ ಪ್ಯಾಸ್ಟಿ ತಕ್ಕಮಟ್ಟಿಗೆ ಬೆಂದಿತು. ಅದರ ಮುಂದಿನದು ಬಂಗಾರದ ಬಣ್ಣಕ್ಕೆ ಬಂತು.

ಲೆಂಪಿ ಹೊರಡುವ ಹಿಂದಿನ ಭಾನುವಾರ ಕಲೇವಿ ಅತಿ ಸಹಜವಾದ ದನಿಯಲ್ಲಿ (ಎಸ್ಕೊನ ಮುಂದೆ ಅಭ್ಯಾಸ ಮಾಡಿದ್ದ) “ಗುಡಿಸಲ ತನಕ ಹೋಗಿ ಬರೋಣ್ವಾ?” ಎಂದ.

“ಊಟ?”

“ಡಬ್ಬಿಯಲ್ಲಿದೆ.”

ಲೆಂಪಿ ಅವನ ಮುಖ ನೋಡಿದಳು, ಡಬ್ಬಿ ನೋಡಿದಳು, ಪರಲೋಕದ ತಂದೆಯನ್ನು ಒಮ್ಮೆ ನೆನೆದು ಕೋಟು ಹಾಕಿಕೊಂಡಳು.

ಅಂದು ಕಲೇವಿ ಬಂಡಿ ಓಡಿಸಿದ್ದನ್ನು ಓಡಿಸಿದ್ದು ಎನ್ನಲಾಗದು, ಒಲೆ ಹಚ್ಚಿ ಕೂತದ್ದು ಎನ್ನಬೇಕು. ಜೋರಾಗಿ ಹೋದರೆ ಗಾಳಿಗೆ ಡಬ್ಬಿ ತಣ್ಣಗಾಗುತ್ತದೆ, ನಿಂತರೆ ಅಡಿ ಹಿಡಿಯುತ್ತದೆ. ಆಳವಾದ ಹಿಮದಲ್ಲಿ ನಿಧಾನಕ್ಕೆ ಎಂಜಿನ್ನನ್ನು ದುಡಿಸಿದರೆ ಹದವಾದ ಕಾವು. ಇಷ್ಟು ವರ್ಷ ಅವನು ಗಂಡಸುತನ ತೋರಿಸಲು ಹಾರಿಸಿಕೊಂಡು ಹೋಗುತ್ತಿದ್ದ, ಊಟ ಕೆಡುತ್ತಿತ್ತು. ಇಂದು ತೊಟ್ಟಿಲು ತೂಗಿದಂತೆ ಹೋದ. ಹಿಂದಿನಿಂದ ಅವನ ಬೆನ್ನಿಗೆ ಒಂದು ಗುದ್ದು ಬಿತ್ತು.

“ಏಯ್ ಮುದುಕಾ! ಇದೇನು ಬಂಡಿನಾ, ಹೆಣದ ಮೆರವಣಿಗೆನಾ? ಹಿಂಗೆ ಹೋದ್ರೆ ಹಿಮ ಕರಗಿ ದೋಣಿ ಬೇಕಾಗುತ್ತೆ!”

ಬೈದಳು! ಕಲೇವಿಯ ಕಣ್ಣು ತುಂಬಿ ಬಂತು. ನೀರು ರೆಪ್ಪೆಯಲ್ಲೇ ಗಡ್ಡೆಕಟ್ಟಿದ್ದರಿಂದ ಸ್ವಲ್ಪ ದೂರ ಒಂದೇ ಕಣ್ಣಲ್ಲಿ ಓಡಿಸಬೇಕಾಯಿತು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಪ್ಯಾಸ್ಟಿಯನ್ನು ಎಳೆಮಗುವಿನಂತೆ ಮಗ್ಗುಲು ಬದಲಿಸಿ ಮಲಗಿಸಿದ. ಲೆಂಪಿ ಅವನು ಮಾಡುವುದನ್ನೆಲ್ಲ ನೋಡುತ್ತಿದ್ದಳು.

ಗುಡಿಸಲಿಗೆ ಬಾಗಿಲಿರಲಿಲ್ಲ. ಆಕಾಶ ಹಿಮ ಉದುರಿಸಲೋ ಬೇಡವೋ ಎಂದು ಬೂದಿ ಮುಖ ಮಾಡಿಕೊಂಡಿತ್ತು. ಕಲೇವಿ ಬೆಳ್ಳಿ ಹಾಳೆಯ ಪೊಟ್ಟಣ ತಂದು ಹಲಗೆಯ ಮೇಲಿಟ್ಟು ಬಿಚ್ಚಿದ. ಆವಿ ಎದ್ದಿತು. ಪೆಟ್ರೋಲಿನ ವಾಸನೆಯಿಲ್ಲ, ಸೀದ ವಾಸನೆಯಿಲ್ಲ. ಅಪ್ಪಟ ಪ್ಯಾಸ್ಟಿಯ ಆವಿ.

ಆ ಕಡೆ ಪ್ರತಿಯೊಬ್ಬರ ಪ್ಯಾಸ್ಟಿಯೂ ಬೇರೆ ಬೇರೆ, ಯಾರದು ಯಾರದೆಂದು ತಿಳಿಯಲು ಮೂಲೆಯಲ್ಲಿ ಹಿಟ್ಟಿನಿಂದ ಹೆಸರಿನ ಮೊದಲಕ್ಷರ ಅಂಟಿಸುತ್ತಾರೆ. ಕಲೇವಿ ಇಬ್ಬರಿಗೂ ಸೇರಿ ಒಂದೇ ದೊಡ್ಡ ಪ್ಯಾಸ್ಟಿ ಮಾಡಿದ್ದ. ಒಂದು ತುದಿಯಲ್ಲಿ ‘ಕ’, ಇನ್ನೊಂದು ತುದಿಯಲ್ಲಿ ‘ಲೆ’, ನಡುವೆ ಗೆರೆಯಿಲ್ಲ. ಹೆಂಡತಿಗೆ ಯಾವ ಫಿನ್ನನೂ ಇಷ್ಟು ಬಹಿರಂಗವಾಗಿ ಪ್ರೇಮ ನಿವೇದಿಸಿರಲಾರ. ಅವನಿಗೇ ನಾಚಿಕೆಯಾಗಿ ಗುಡಿಸಲಿನ ಮಾಡು ನೋಡುತ್ತಾ ನಿಂತ.

ಲೆಂಪಿ ಅಕ್ಷರಗಳನ್ನು ನೋಡಿದಳು. ಕೈಗವಸು ತೆಗೆದು, ನಡುವೆ ಮುರಿದು, ತನ್ನ ತುದಿಯ ತುಂಡು ಎತ್ತಿ ಕಚ್ಚಿದಳು. ನಿಧಾನವಾಗಿ ಅಗಿದಳು.

“ಬಿಸಿ ಇದೆ” ಎಂದಳು.

“ಹ್ಞೂಂ.”

“ಯಾರು ಮಾಡಿದ್ದು? ಬೇಕರಿದಲ್ಲ ಇದು.”

“ನಾನೇ.”

ಲೆಂಪಿ ಅಗಿಯುವುದನ್ನು ನಿಲ್ಲಿಸಿದಳು. “ನೀನು? ಹಿಟ್ಟು ಕಲಸಿದ್ದು? ಉಪ್ಪು ಹಾಕಿದ್ದು? ಎಲ್ಲಾ?”

“ಎಲ್ಲಾ ನಾನೇ. ಎಸ್ಕೊನ ಕೇಳು.”

ಅವಳು ಮತ್ತೊಂದು ತುತ್ತು ತಿಂದಳು. ತಿನ್ನುತ್ತಿದ್ದಂತೆ ಅವಳ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಲೇವಿಯ ಹೃದಯ ಹಳೆ ಎಂಜಿನ್ನಿನಂತೆ ಢವಢವ ಹೊಡೆದುಕೊಂಡಿತು. ಮುಟ್ಟಿತು! ಪ್ಯಾಸ್ಟಿ ಮಾತಾಡಿತು! ಇನ್ನು ಸೂಟ್‌ಕೇಸು ಅಟ್ಟಕ್ಕೆ ಹೋಗುವುದೊಂದೇ ಬಾಕಿ.

“ಒಂದು ಮಾತು ಹೇಳ್ತೀನಿ, ಬೈಕೋಬೇಡ” ಎಂದಳು ಲೆಂಪಿ. “ನಿನ್ನೆ ಹಿಲ್ಮಾಗೆ ಫೋನ್ ಮಾಡಿ, ನಾನು ಬರಲ್ಲ ಕಣೇ ಅಂತ ಹೇಳ್ಬಿಟ್ಟಿದ್ದೆ.”

ಕಲೇವಿ ಕೂತುಬಿಟ್ಟ.

“ಎಸ್ಕೊನ ನೋಡಿ ನೋಡಿ ಸಂಕಟ ಆಗ್ತಿತ್ತು. ಇವನೂ ಹಂಗೇ ಆಗ್ತಾನೆ, ಬೀನ್ಸ್ ಡಬ್ಬ ತಿಂದ್ಕೊಂಡು, ಹಗ್ಗ ಕಟ್ಕೊಂಡು. ಒಂದು ಮೊಟ್ಟೆ ಬೇಯಿಸೋಕೆ ಬರದ ಗಂಡಸನ್ನ ಬಿಟ್ಟು ಹೋದ್ರೆ ದೇವರು ಮೆಚ್ತಾನಾ ಅಂತ. ಮಂಡಿ ಹೋದ್ರೆ ಹೋಗ್ಲಿ ಅಂದ್ಕೊಂಡೆ.” ಮೂಗೊರೆಸಿಕೊಂಡಳು. “ನೀನು ನನ್ನ ಮನಸ್ಸು ಅರ್ಥ ಮಾಡ್ಕೊಂಡೆ. ನಾನು ನಿಶ್ಚಿಂತೆಯಾಗಿ ಹೋಗ್ಲಿ ಅಂತ ಕದ್ದುಮುಚ್ಚಿ ಅಡುಗೆ ಕಲಿತ್ಯಲ್ಲೋ. ಇಷ್ಟು ವರ್ಷದಲ್ಲಿ ನೀನು ನಂಗೋಸ್ಕರ ಇಷ್ಟು ದೊಡ್ಡದು ಯಾವತ್ತೂ ಮಾಡಿರ್ಲಿಲ್ಲ. ಸಂಜೆ ಹಿಲ್ಮಾಗೆ ಮತ್ತೆ ಫೋನ್ ಮಾಡಿ, ಬರ್ತೀನಿ ಅಂತ ಹೇಳ್ತೀನಿ.”

ಈಗ ಹೇಳಬೇಕಿತ್ತು. ಒಂದು ಉಸಿರಿನ ಕೆಲಸ. ಕಲೇವಿ ಬಾಯಿ ತೆರೆದ. ಲೆಂಪಿ ಅಗಿಯುವುದನ್ನು ಬಿಟ್ಟು ಅವನನ್ನೇ ನೋಡಿದಳು, ಸಾಕಷ್ಟು ಹೊತ್ತು ಕಾದಳು. ಅವನ ಬಾಯಿಂದ ಬಿಳಿ ಆವಿ ಬಂತು. ಅದರ ಹಿಂದೆ ಮಾತು ಬಂತು.

“ಅಡಿ ಸ್ವಲ್ಪ ಸೀದಿರಬೇಕು” ಎಂದ.

“ಇಲ್ಲಪ್ಪ, ಸರಿಯಾಗಿದೆ” ಎಂದಳು ಅವಳು.

ಅವನು ತನ್ನ ತುಂಡನ್ನು ಮುಟ್ಟಿರಲಿಲ್ಲ. ಲೆಂಪಿ ಅದನ್ನು ಬೆಳ್ಳಿ ಹಾಳೆಯಲ್ಲಿ ಜೋಪಾನವಾಗಿ ಸುತ್ತಿ ಅವನ ಕೋಟಿನ ಜೇಬಿಗೆ ತುರುಕಿ, ಮೇಲೆ ಎರಡು ಸಲ ತಟ್ಟಿದಳು.

“ದೊಡ್ಡದು ಮಾಡಿದ್ದು ಜಾಣತನ. ಒಬ್ಬನಿಗೆ ಎರಡು ಹೊತ್ತಿಗಾಗುತ್ತೆ. ಇದು ನಾಳೆಗಿರ್ಲಿ. ಬಿಸಿ ಮಾಡ್ಕೊಳ್ಳೋದು ಹೇಗೆ ಅಂತ ನಿಂಗೀಗ ಗೊತ್ತಲ್ಲ.”