ಫ್ರೆಂಚ್ ಮಠದ ಬಾಗಿಲಲ್ಲಿ ಬಿಟ್ಟ ಶೂ

ಹೊಗಳಿಸಿಕೊಳ್ಳುವ ಚಟ ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಫಿಯನ್ನು ಎರಡು ಸಲ ಬಿಟ್ಟಿದ್ದೇನೆ, ಇದನ್ನು ಬಿಡಲಾಗಿಲ್ಲ. ಕಸದ ಡಬ್ಬಿಯನ್ನು ರಸ್ತೆಯಂಚಿಗೆ ತಳ್ಳಿಬಂದರೂ ಯಾರಾದರೂ ‘ಭೇಷ್’ ಅನ್ನಲಿ ಎಂದು ಅಡುಗೆಮನೆಯಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲುವವನು ನಾನು. ನನ್ನ ಹೆಂಡತಿ ವಿದ್ಯಾ ಬೇಸತ್ತಾದರೂ ಅನ್ನುತ್ತಾಳೆ. ಅಮೆರಿಕದ ಪಾರ್ಸಿಪನಿಯಲ್ಲಿರುವ ನಮ್ಮ ಆಫೀಸಿನಲ್ಲಂತೂ ಹೊಗಳಿಕೆಗೆ ಬರವೇ ಇಲ್ಲ. ಈಮೇಲ್ ತಲುಪಿತು ಎಂದು ಬರೆದರೂ ‘ಆಸಮ್’ ಅನ್ನುತ್ತಾರೆ. ಆದರೆ ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅತ್ತೆಯ ಬಾಯಿಂದ ಒಂದೇ ಒಂದು ‘ಚೆನ್ನಾಗಿದೆ’ ಹೊರಡಿಸಲು ನನ್ನಿಂದ ಆಗಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಮೈಸೂರಿನ ಶಾಲೆಯೊಂದರಲ್ಲಿ ಬಹಳ ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಅಷ್ಟೆ. ಅವರ ಪುಸ್ತಕದಲ್ಲಿ ‘ಪರವಾಗಿಲ್ಲ’ ಎಂದರೆ ಡಿಸ್ಟಿಂಕ್ಷನ್. ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ಏಳು ತಾಸು ಕಾರು ಓಡಿಸಿ ನಯಾಗರಾ ತೋರಿಸಿದೆ. “ನೀರು ಬೀಳ್ತಿದೆ,” ಎಂದರು. ಟೈಮ್ಸ್ ಸ್ಕ್ವೇರ್‌ನಲ್ಲಿ ಅಷ್ಟು ದೀಪಗಳ ಕೆಳಗೆ ನಿಂತು, “ಕರೆಂಟ್ ಬಿಲ್ ಯಾರು ಕಟ್ತಾರೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದದ್ದಕ್ಕೂ ಒಂದೆರಡು ಅಂಕ ಹೋಗಿರಬೇಕು. ಅಕ್ಟೋಬರ್ ಬಂತು, ಅವರು ಹೊರಡಲು ಇನ್ನು ಎರಡೇ ವಾರ. ಒಂದು ದಿನ ತಿಂಡಿ ತಿನ್ನುತ್ತಾ, “ಇವರ ದೇಶದಲ್ಲಿ ಹಳೇದು ಅಂತ ಏನೂ ಇಲ್ವೇನಪ್ಪಾ?” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಉದ್ದೇಶಿಸಿದ್ದು ನನ್ನನ್ನೇ ಎಂದು ನನಗೆ ತಿಳಿಯಿತು.

ಹಳೆಯದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮ್ಯಾನ್‌ಹ್ಯಾಟನ್ನಿನ ಉತ್ತರ ತುದಿಯ ಗುಡ್ಡದ ಮೇಲಿನ ಒಂದು ಮ್ಯೂಸಿಯಂ. ಯುರೋಪಿನಲ್ಲಿ, ಹೆಚ್ಚಾಗಿ ಫ್ರಾನ್ಸಿನಲ್ಲಿ, ಪಾಳುಬಿದ್ದಿದ್ದ ಕ್ರೈಸ್ತ ಮಠಗಳ ಕಂಬ, ಕಮಾನು, ಬಾಗಿಲುಗಳನ್ನು ಹಡಗಿನಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು, ಹತ್ತು ವರ್ಷದ ಮಗಳು ಅನಿಕಾಳನ್ನೂ ಕೂರಿಸಿಕೊಂಡು ಹೊರಟೆವು. ಸೇತುವೆಯ ಟ್ರಾಫಿಕ್ಕಿನಲ್ಲಿ ನಾನು ಮಠದ ಕಥೆಯನ್ನೆಲ್ಲ ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, “ಕಿತ್ಕೊಂಡು ಬಂದ್ಬಿಟ್ರಾ? ಹಾಗಾದ್ರೆ ಅಲ್ಲಿ ಏನು ಉಳೀತು, ಪಾಪ?” ಎಂದರು. ನಾನು ರೇಡಿಯೋ ಹಾಕಿದೆ.

ಅಸಲಿ ಕಷ್ಟ ಶುರುವಾದದ್ದು ಒಳಗೆ, ಮಠದ ಕಲ್ಲುಬಾಗಿಲ ಮುಂದೆ. ಬಾಗಿಲ ನೆತ್ತಿಯಲ್ಲಿ ದೇವದೂತರ ಕೆತ್ತನೆ ಕಂಡದ್ದೇ ಅತ್ತೆ ನಿಂತುಬಿಟ್ಟರು. “ಚಪ್ಪಲಿ ಎಲ್ಲಿ ಬಿಡೋದು?”

“ಇಲ್ಲಿ ಬಿಡೋ ಹಾಗಿಲ್ಲಮ್ಮ. ಇದು ಮ್ಯೂಸಿಯಂ,” ಎಂದಳು ವಿದ್ಯಾ.

“ಮಠ ಅಂದ್ರು ಇವರು. ಮಠದೊಳಗೆ ಚಪ್ಪಲಿ ಹಾಕ್ಕೊಂಡು ಹೋಗೋದಾ? ನೀವು ಹೋಗ್ಬನ್ನಿ. ನಾನು ಕಾರಲ್ಲಿ ಕೂತಿರ್ತೀನಿ.”

ಹನ್ನೆರಡು ವರ್ಷಗಳ ಆಸೆ ಕಾರಿನಲ್ಲಿ ಹೋಗಿ ಕೂರುವುದರಲ್ಲಿತ್ತು. ಆಗ ನಾನು ಒಂದು ಸುಳ್ಳು ಹೇಳಿದೆ. “ಇಲ್ಲ ಅತ್ತೆ, ವಿದ್ಯಾಗೆ ಗೊತ್ತಿಲ್ಲ. ಇಲ್ಲಿಯವರೂ ಬಿಡ್ತಾರೆ. ಈ ಗೋಡೆ ಪಕ್ಕದಲ್ಲೇ.” ಹಾಗೆಂದು ನನ್ನ ಕರಿ ಶೂ ಬಿಚ್ಚಿ ಗೋಡೆಗೆ ಒರಗಿಸಿಟ್ಟೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಆದರೂ ಅವಳೂ ಬಿಚ್ಚಿದಳು, ಅನಿಕಾಳೂ ಬಿಚ್ಚಿದಳು. ನಾಲ್ಕು ಜೊತೆ ಸಾಲಾಗಿ ನಿಂತವು.

ನಾಲ್ಕು ಜೊತೆ ಪಾದರಕ್ಷೆ ಸಾಲಾಗಿದ್ದರೆ ಅದೊಂದು ಕಾನೂನಿನ ಹಾಗೆ ಕಾಣುತ್ತದೆ ಎಂದು ನಾನು ಯೋಚಿಸಿರಲಿಲ್ಲ. ನಮ್ಮ ಹಿಂದೆ ಬಂದ, ಹೆಗಲಲ್ಲಿ ಯೋಗದ ಚಾಪೆ ನೇತುಹಾಕಿಕೊಂಡಿದ್ದ ಹೆಂಗಸು, “ಓಹ್, ಬರಿಗಾಲಲ್ಲಿ ಹೋಗಬೇಕೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದಲ್ಲಿ ಅತ್ತೆ. ನಾನು ತಲೆಯಾಡಿಸಿದೆ. ಅವಳು ಬಿಚ್ಚಿದಳು. ಅವಳನ್ನು ನೋಡಿ ವಯಸ್ಸಾದ ದಂಪತಿ ಗೋಡೆ ಹಿಡಿದುಕೊಂಡು ಬೂಟಿನ ಲೇಸು ಬಿಚ್ಚತೊಡಗಿದರು. ನಾನು ಓಡಿಹೋಗಿ ಬೇಡ ಎನ್ನಬೇಕಿತ್ತು. ಅಜ್ಜನಿಗೆ ಬಗ್ಗಲು ಸಹಾಯ ಮಾಡಿದೆ.

ಒಳಗೆ ನಾಲ್ಕೂ ಕಡೆ ಕಂಬಗಳ ಪಡಸಾಲೆ, ನಡುವೆ ತೋಟ. ಸುತ್ತು ಬರುವ ಹಾಗಿದ್ದರೆ ನಮ್ಮವರು ಸುಮ್ಮನಿರುತ್ತಾರೆಯೇ? ಅತ್ತೆ ಸೆರಗು ಹೊದ್ದು, ತೋಟವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಶುರು ಮಾಡಿದರು. ಹಿಂದೆ ನಾವು, ನಮ್ಮ ಹಿಂದೆ ಯೋಗದ ಹೆಂಗಸು, ವಯಸ್ಸಾದ ದಂಪತಿ, ಆಮೇಲೆ ಯಾರ್ಯಾರೋ. ಎರಡನೆಯ ಸುತ್ತಿಗೆ ಇಪ್ಪತ್ತು ಜನ ಕಾಲುಚೀಲದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರು. ಎದುರು ದಿಕ್ಕಿನಿಂದ ಬಂದ ಒಬ್ಬ ಯುವಕನನ್ನು ಯೋಗದ ಹೆಂಗಸೇ ಭುಜ ಹಿಡಿದು ತಿರುಗಿಸಿದಳು. ಅತ್ತೆ ಹಿಂದಿರುಗಿ ನೋಡಿ, “ಪರವಾಗಿಲ್ಲ. ಇವರಿಗೂ ಭಯಭಕ್ತಿ ಇದೆ,” ಎಂದರು. ಡಿಸ್ಟಿಂಕ್ಷನ್! ಇನ್ನೊಂದು ಸುತ್ತು ಬಂದರೆ ‘ಚೆನ್ನಾಗಿದೆ’ ಬಂದೇಬಿಡುತ್ತದೆ ಎಂದು ನಾನು ಅವರ ಹಿಂದೆ ಇನ್ನಷ್ಟು ಭಕ್ತಿಯಿಂದ ನಡೆದೆ.

ಬಂದದ್ದು ಸೆಕ್ಯುರಿಟಿಯವನು. ಪಾಪ, ಅವನಿಗೂ ಧರ್ಮಸಂಕಟ. ಧಾರ್ಮಿಕವಾದದ್ದೇನಾದರೂ ಇದ್ದು, ತಡೆದರೆ ರಗಳೆಯಾದೀತು ಎಂದು ಒಂದು ಸುತ್ತು ನಮ್ಮ ಜೊತೆಯೇ ನಡೆದ. ಆಮೇಲೆ ಮೆತ್ತಗೆ, ಇದನ್ನು ಏರ್ಪಡಿಸಿದವರು ಯಾರು ಎಂದು ಕೇಳಿದ. ಸತ್ಯವನ್ನೇ ಹೇಳಬೇಕೆಂದು ನಾನೇ ಕಲಿಸಿದ ಮಗಳು ಕೈಯೆತ್ತಿ, “ಮೈ ಡ್ಯಾಡ್,” ಎಂದಳು.

ಇಲ್ಲಿ ಶೂ ಬಿಚ್ಚುವ ಪದ್ಧತಿಯಿಲ್ಲ, ಕಲ್ಲಿನ ಮೇಲೆ ಯಾರಾದರೂ ಜಾರಿ ಬಿದ್ದಾರು, ದಯವಿಟ್ಟು ಎಲ್ಲರೂ ಹಾಕಿಕೊಳ್ಳಿ ಎಂದು ಅವನು ಬಿಡಿಸಿ ಹೇಳಿದ. ಅತ್ತೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. “ಅಂದ್ರೆ ಸುಳ್ಳು ಹೇಳಿ ಒಳಗೆ ಕರ್ಕೊಂಡ್ ಬಂದ್ರಾ?” ಎಂದು ತಣ್ಣಗೆ ಕೇಳಿದರು. ಡಿಸ್ಟಿಂಕ್ಷನ್ ಹೋಯಿತು, ಪಾಸೂ ಹೋಯಿತು. ನನಗೆ ನಿಜವಾಗಿ ಅಳು ಬಂತು. ನಲವತ್ತೆರಡು ವರ್ಷದ ಗಂಡಸು ಫ್ರೆಂಚ್ ಮಠದಲ್ಲಿ ಕಾಲುಚೀಲದಲ್ಲಿ ನಿಂತು ಅಳಬಾರದೆಂದು ತಡೆದುಕೊಂಡೆ.

ಎಲ್ಲರಲ್ಲೂ ಕ್ಷಮೆ ಕೇಳಿ, ಅಜ್ಜನ ಲೇಸು ಕಟ್ಟಿಕೊಟ್ಟು ಬರುವಷ್ಟರಲ್ಲಿ ಗೋಡೆಯ ಬಳಿ ಒಂದೇ ಜೊತೆ ಉಳಿದಿತ್ತು. ಕರಿ ಶೂ ಹೌದು, ನನ್ನದಲ್ಲ. ಯಾರೋ ಗಡಿಬಿಡಿಯಲ್ಲಿ ನನ್ನದನ್ನು ಹಾಕಿಕೊಂಡು ಹೋಗಿದ್ದರು. ಸದ್ಯಕ್ಕೆ ಇದೇ ಸಾಕು ಎಂದು ನಾನು ಕಾಲು ತೂರಿಸಲು ಹೋದೆ.

“ಮುಟ್ಬೇಡಿ!” ಎಂದರು ಅತ್ತೆ, ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳ ಸಾಲು ನಿಲ್ಲಿಸುವ ದನಿಯಲ್ಲಿ. “ಬೇರೆಯವರ ಪೀಡೆ ನಿಮಗ್ಯಾಕೆ?”

ನಾನು ತಿರುಗಿ ನೋಡಿದೆ. ಅವರ ಮುಖ ಬೆಳಗಿತ್ತು. “ದೇವಸ್ಥಾನದಲ್ಲಿ ಚಪ್ಪಲಿ ಕಳೆದುಹೋದ್ರೆ ಹಿಡಿದ ಪೀಡೆ ಹೋಯ್ತು ಅಂತಾರೆ ಕಣ್ರೀ. ಮ್ಯೂಸಿಯಂ ಅಂತೆ! ಅವನಿಗೇನು ಗೊತ್ತು? ದೇವರು ಇಲ್ಲದೆ ಇದ್ರೆ ಹೀಗಾಗ್ತಿತ್ತಾ? ತುಂಬಾ ಚೆನ್ನಾಗಿದೆ ಜಾಗ. ಒಳ್ಳೆ ಕಡೆ ಕರ್ಕೊಂಡ್ ಬಂದ್ರಿ.”

ಬಂತು. ಹನ್ನೆರಡು ವರ್ಷಕ್ಕೆ ಬಂತು, ಅದೂ ‘ತುಂಬಾ’ ಸೇರಿಸಿಕೊಂಡು. ವಿದ್ಯಾ ಸಾಕ್ಷಿ. ಕಾಲುಚೀಲದಲ್ಲೇ ಗುಡ್ಡ ಇಳಿದೆ. ಒಂದು ಕಲ್ಲೂ ಚುಚ್ಚಿದ ನೆನಪಿಲ್ಲ. ದಾರಿಯಲ್ಲಿ, ನಮ್ಮವರ ಹೋಟೆಲುಗಳಿರುವ ಐಸೆಲಿನ್ನಿನಲ್ಲಿ ದೋಸೆ ತಿನ್ನಬೇಕೆಂದಿದ್ದವರು, ಶೂ ಇಲ್ಲದವನನ್ನು ಹೋಟೆಲಿಗೆ ಹೇಗೆ ಕರೆದೊಯ್ಯುವುದೆಂದು ಕಾರಿನಲ್ಲೇ ಮೊಸರನ್ನ ತಿಂದೆವು. ಅದೂ ಅಮೃತದ ಹಾಗಿತ್ತು.

ಸೇತುವೆ ದಾಟುವಾಗ ಹಿಂದಿನ ಸೀಟಿನಿಂದ ಅತ್ತೆ ಬಹಳ ಪ್ರೀತಿಯಿಂದ ಕೇಳಿದರು: “ಅಳಿಯಂದ್ರೇ, ನಿಮ್ಮದು ಮನೇಲಿ ಇನ್ನೂ ಎಷ್ಟು ಜೊತೆ ಶೂ ಇದೆ?”

“ನಾಲ್ಕಿದೆ ಅತ್ತೆ. ಯಾಕೆ?”

“ಒಂದರಲ್ಲಿ ಪೀಡೆ ಎಲ್ಲಾ ಹೋಗಿರಲ್ಲ. ಮುಂದಿನ ಶನಿವಾರ ಇನ್ನೊಂದ್ಸಲ ಬರೋಣ.”