ವಸಂತಿ ಆಂಟಿಯ ಸಾರು, ನನ್ನ ಕರಿಬೇವಿನ ಪರೀಕ್ಷೆ

ಕ್ಯಾಲಿಫೋರ್ನಿಯಾದ ಲಾ ಹೋಯಾದ ಲ್ಯಾಬಿನಲ್ಲಿ ನಾನು ದಿನವಿಡೀ ಕರಿಬೇವಿನ ಸೊಪ್ಪು ಕುದಿಸುತ್ತೇನೆ. ಸಾರಿಗಲ್ಲ, ವಿಜ್ಞಾನಕ್ಕೆ. ಒತ್ತಡದಲ್ಲಿ ಬೇಯಿಸಿ ಸೋಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ನ್ಯಾನೊಕಣಗಳು ಸಿಗುತ್ತವೆ. ಆ ದ್ರಾವಣದ ಮೇಲೆ ನೇರಳಾತೀತ ಬೆಳಕಿನ ಯುವಿ ಟಾರ್ಚ್ ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಬೆರೆಸಿದ ನೀರಿನಲ್ಲಿ ಲೋಹದ ಕಲ್ಮಶವಿದ್ದರೆ ಹೊಳಪು ಆರಿಹೋಗುತ್ತದೆ. ಇಷ್ಟು ಸುಲಭದ ಪರೀಕ್ಷೆಯಲ್ಲಿ ತಪ್ಪು ಮಾಡುವುದು ಯಾರಿಗೂ ಸಾಧ್ಯವಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನನಗೆ ತಮ್ಮ ಕುಂಡದ ಗಿಡದಿಂದ ಸೊಪ್ಪು ಕೊಡುತ್ತಿದ್ದವರು ಉಡುಪಿ ಕಡೆಯ ವಸಂತಿ ಆಂಟಿ. ವರ್ಷಗಟ್ಟಲೆ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದವರು ಕೊನೆಗೂ ಹತ್ತಿರದ ಕಾರ್ಲ್ಸ್‌ಬಾಡ್‌ನಲ್ಲಿ ಸ್ವಂತ ಮನೆ ಕೊಂಡರು. ಗೃಹಪ್ರವೇಶಕ್ಕೆ ಕೇಟರಿಂಗ್ ಬೇಡವೆಂದು ಹಟ ಹಿಡಿದು ಸಾರು, ಹುಳಿ, ಪಾಯಸ ಎಲ್ಲ ತಾವೇ ಮಾಡಿದ್ದರು. ಈ ಮನೆಯ ಮೊದಲ ಊಟ ತಮ್ಮ ಕೈಯದ್ದೇ ಆಗಬೇಕೆಂಬುದು ಅವರ ಬಹುದಿನದ ಆಸೆ.

ಪೂಜೆ ಮುಗಿದಿತ್ತು. "ನನ್ನ ಸೊಪ್ಪು ಎಂತ ಮಾಡ್ತದೆ, ತೋರಿಸು ನೋಡುವ" ಎಂದರು ಆಂಟಿ.

ಚೀಲದಲ್ಲಿ ದ್ರಾವಣವೂ ಇತ್ತು, ಟಾರ್ಚೂ ಇತ್ತು. ಇರದೇ ಇರುತ್ತವೆಯೇ! ಅಡುಗೆಮನೆಯ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದ್ದ ಕೊಡದಿಂದ ನೀರು ತೆಗೆದು ಬೆರೆಸಿ, ಟಾರ್ಚ್ ಬಿಟ್ಟೆ. ಕತ್ತಲೆ.

"ಈ ನೀರಿನಲ್ಲಿ ಲೋಹಾಂಶವಿದೆ" ಎಂದು ತೀರ್ಪು ಕೊಟ್ಟೆ.

ನನ್ನ ಗಂಡ ಗಿರೀಶ ಧಾರವಾಡದವನು. ಸೊರೆಂಟೊ ವ್ಯಾಲಿಯಲ್ಲಿ ಕಂಪ್ಯೂಟರ್ ಚಿಪ್ ಟೆಸ್ಟ್ ಮಾಡುವುದೇ ಅವನ ಕೆಲಸ. "ಇನ್ನೊಮ್ಮೆ ಚೆಕ್ ಮಾಡು. ಮಂದಿ ಊಟಕ್ಕ ಬರೂ ಹೊತ್ತಾತು" ಎಂದ. ವೈಜ್ಞಾನಿಕ ಶಿಸ್ತಿನಿಂದ ಇನ್ನೊಮ್ಮೆ ಮಾಡಿದೆ. ಅದೇ ಕೊಡದ ನೀರಿನಿಂದ. ಮತ್ತೆ ಕತ್ತಲೆ.

ಆಂಟಿಯ ಮುಖ ಸಣ್ಣದಾಯಿತು. "ಹಾಗಾದ್ರೆ ಸಾರು?"

"ಚೆಲ್ಲಬೇಕಾಗುತ್ತೆ ಆಂಟಿ. ಮಕ್ಕಳೂ ಊಟ ಮಾಡ್ತಾರಲ್ಲ."

ಅವರೇ ಒಲೆಯಿಂದ ಪಾತ್ರೆ ಇಳಿಸಿದರು. ಸಾರು ಹೋಯಿತು, ಹುಳಿ ಹೋಯಿತು, ಪಾಯಸ ಹೋಯಿತು. ಪಾತ್ರೆ ಭಾರವೆಂದು ನಾನೇ ಒಂದು ಕಡೆ ಹಿಡಿದುಕೊಂಡು ಸಿಂಕಿಗೆ ಬಗ್ಗಿಸಿದೆ.

ಅಷ್ಟರಲ್ಲಿ ಗಿರೀಶ ಸ್ಟೀಲ್ ಲೋಟದಲ್ಲಿ ನಲ್ಲಿಯ ನೀರು ಹಿಡಿದು ತಂದ. "ಸುಮ್ನ ಇದನ್ನೂ ನೋಡು." ನೋಡಿದೆ. ನೀಲಿ! ಇಡೀ ಅಡುಗೆಮನೆಗೆ ಕಾಣುವಂಥ ನೀಲಿ.

"ಆಂಟಿ... ಆ ಕೊಡ?"

"ತಾಮ್ರದ್ದು. ನಿನ್ನೆ ಹುಣಸೆಹುಳಿ ಹಾಕಿ ತಿಕ್ಕಿ, ಪೂಜೆಗೆಂತ ಆಗಲೇ ನೀರು ತುಂಬಿಸಿಟ್ಟದ್ದು. ಅಡುಗೆಗೆಲ್ಲ ನಲ್ಲಿ ನೀರೇ."

ಹುಳಿಗೆ ತಾಮ್ರ ಕರಗುತ್ತದೆ. ಹೈಸ್ಕೂಲಿನ ಪಾಠ. ಕರಿಬೇವಿನ ಕಣಗಳು ಸತ್ಯವನ್ನೇ ಹೇಳಿದ್ದವು. ಈ ಪರೀಕ್ಷೆಯಲ್ಲಿ ಕೆಟ್ಟಿದ್ದು ಪಿಎಚ್‌ಡಿ ಮಾಡಿದ ಭಾಗ, ಅಂದರೆ ನಾನು ಮಾತ್ರ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಕಂಪಕ್ಕೆ ಹೆಸರಾದ ಕ್ಯಾಲಿಫೋರ್ನಿಯಾದ ಭೂಮಿಯೂ ಬೇಕಾದಾಗ ಬಿಡುವುದಿಲ್ಲ.

ಗಿರೀಶ ಓಡಿಹೋಗಿ ಮೂಲೆಯ ಮೆಕ್ಸಿಕನ್ ಅಂಗಡಿಯಿಂದ ರೊಟ್ಟಿಯಲ್ಲಿ ಸುತ್ತಿದ ಬೀನ್ಸ್ ಬರಿಟೊ ತಂದ. ಸಾಲಾಗಿ ಹಾಸಿದ್ದ ಬಾಳೆಎಲೆಗಳ ಮೇಲೆ ಒಂದೊಂದು ಬರಿಟೊ ಮಲಗಿತು. ಭಟ್ಟರು ಬಾಳೆಹಣ್ಣು ತಿಂದು ಹೊರಟರು. ಆಂಟಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊರಡುವಾಗ ಎಂದಿನಂತೆ ಒಂದು ಕವರ್ ಸೊಪ್ಪು ಕೈಗಿಟ್ಟು, "ಲ್ಯಾಬಿಗೆ ಬೇಕಲ್ಲ" ಎಂದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಆ ಸೊಪ್ಪು ಲ್ಯಾಬಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ಅದನ್ನೇ ಒಗ್ಗರಣೆಗೆ ಹಾಕಿ ಸಾರು ಮಾಡಿ, ಸ್ಟೀಲ್ ಪಾತ್ರೆಯಲ್ಲಿ ಆಂಟಿಯ ಮನೆಗೆ ಒಯ್ದೆ. ಅವರು ಅನ್ನಕ್ಕೆ ಕಲಸಿ ಒಂದು ತುತ್ತು ಉಂಡು, ನನ್ನತ್ತ ನೋಡಿದರು.

"ಉಪ್ಪು ಹಾಕ್ಲಿಲ್ಲ ನೀನು."

ನೀರಿನಲ್ಲಿ ಯಾರ ಕಣ್ಣಿಗೂ ಕಾಣದ ತಾಮ್ರವನ್ನು ಹಿಡಿದವಳು ನಾನು! ನಾಚಿಕೆಯಿಂದ ಪಾತ್ರೆ ಎತ್ತಿಕೊಂಡು ಸಿಂಕಿನ ಕಡೆ ಹೊರಟೆ. ಆಂಟಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಉಪ್ಪು ಬೆರೆಸಿ, ಇನ್ನೊಂದು ಸೌಟು ಬಡಿಸಿಕೊಂಡರು.

"ಸಾರನ್ನು ಹಾಗೆಲ್ಲ ಚೆಲ್ಲುದಲ್ಲ ಮಾರಾಯ್ತಿ" ಎಂದರು.