ರುದ್ರೇಶ 'ಆಯ್ತು' ಎಂದ ಗುರುವಾರ

ರುದ್ರೇಶನ ಬಾಯಲ್ಲಿ ಕಾಫಿ ಇದ್ದದ್ದೇ ಎಲ್ಲಕ್ಕೂ ಕಾರಣ. ಕಳಸದ ಒಂದು ಕಾಫಿ ಕಂಪನಿಯಲ್ಲಿ ಅವನದು ರುಚಿ ನೋಡುವ ಕೆಲಸ. ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ಉಗುಳಿ, ಬರೆಯಬೇಕು. ಮ್ಯಾನೇಜರ್ ಓಂಕಾರಪ್ಪ ಬಾಗಿಲಲ್ಲಿ ನಿಂತು "ತಿಂಡಿ ಆಯ್ತೇನ್ರಿ?" ಎಂದು ಕೇಳಿದಾಗಲೆಲ್ಲ ಅವನ ಕೆನ್ನೆ ಹಲಸಿನ ತೊಳೆ ಕದ್ದ ಮಂಗನ ಕೆನ್ನೆಯಂತೆ ಉಬ್ಬಿರುತ್ತಿತ್ತು. ಉತ್ತರ ಬರುತ್ತಿರಲಿಲ್ಲ. ವರ್ಷದ ವರದಿಯಲ್ಲಿ 'ತಂಡದಲ್ಲಿ ಬೆರೆಯುವ ಗುಣ' ಎಂಬಲ್ಲಿ ಓಂಕಾರಪ್ಪ ಹತ್ತಕ್ಕೆ ಎರಡು ಹಾಕಿದರು.

ಬೇರೆ ವರ್ಷವಾಗಿದ್ದರೆ ರುದ್ರೇಶ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹೆಂಡತಿ ಭುವನಾ ಚಿಕ್ಕಮಗಳೂರಿನಲ್ಲಿ ಟೀಚರು. ವಾರಕ್ಕೊಮ್ಮೆ ಬಸ್ಸಿಳಿದು ಬರುವ ಅವನನ್ನು ಮೂರು ವರ್ಷದ ಮಗಳು 'ಭಾನುವಾರದ ಅಪ್ಪ' ಎನ್ನತೊಡಗಿದ್ದಳು. ಅಲ್ಲಿನ ಹೆಡ್ ಆಫೀಸಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಅದನ್ನು ತೀರ್ಮಾನಿಸಲು ದಿವ್ಯಾ ಎಂಬ ಅಧಿಕಾರಿ ಆ ಗುರುವಾರ ಬರುವವರಿದ್ದರು.

"ಇಡೀ ದಿನ ಇದ್ದು ನೋಡ್ತಾರಂತೆ, ಯಾರು ಎಲ್ಲರ ಜೊತೆ ಹೊಂದ್ಕೊಂಡು ಹೋಗ್ತಾರೆ ಅಂತ," ಎಂದಳು ಅಂದು ಬೆಳಿಗ್ಗೆ ಪತ್ರ ವ್ಯವಹಾರ ನೋಡುವ ರಜನಿ. "ಇವತ್ತೊಂದಿನ ಯಾರು ಏನ್ ಹೇಳಿದ್ರೂ ಆಯ್ತು ಅಂದ್ಬಿಡಿ."

"ಆಯ್ತು," ಎಂದ ರುದ್ರೇಶ.

"ಹಾಗಾದ್ರೆ ಈ ಹನ್ನೆರಡು ಲೆಟರ್ ಟೈಪ್ ಮಾಡಿ ಕೊಡಿ. ನಂಗೆ ಬೆಳಿಗ್ಗೆಯಿಂದ ಕುತ್ತಿಗೆ ನೋವು."

ಮೂರನೇ ಪತ್ರ ಮುಗಿಯುವಷ್ಟರಲ್ಲಿ ಗೋಡೌನಿನ ಶಶಿಧರ್ ಬಂದ. "ಮೂಟೆ ರಾಶಿ ಮೇಲೆ ಬೆಕ್ಕು ಮರಿ ಹಾಕಿದೆ ಮಾರಾಯ. ಮೇಡಂ ನೋಡಿದ್ರೆ ಏನಂತಾರೆ? ಸ್ವಲ್ಪ ಹತ್ತಿ ಇಳಿಸಿಕೊಡು. ಏಣಿ ನಾನು ಹಿಡ್ಕೊಳ್ತೀನಿ."

ರುದ್ರೇಶ ಹತ್ತಿದ. ತಾಯಿ ಬೆಕ್ಕು, ಕರೆಯದೆ ಊಟಕ್ಕೆ ಬಂದ ನೆಂಟನನ್ನು ನೋಡುವಂತೆ ಅವನನ್ನು ನೋಡಿತು, ಮೊಣಕೈವರೆಗೆ ಪರಚಿತು, ಕಿಟಕಿಯಿಂದ ಹಾರಿತು. ಮೂರು ಮರಿಗಳನ್ನು ಅಂಗಿಯೊಳಗೆ ಹಾಕಿಕೊಂಡು ತಿರುಗಿದರೆ ಏಣಿ ಇರಲಿಲ್ಲ.

"ಏಣಿ ಎಲ್ಲಿ ಶಶಿ?"

"ಮೇಸ್ತ್ರಿ ಬೆಳ್ಳಿಯಪ್ಪ ಕೇಳಿದ್ರು, ಕೊಟ್ಟೆ. ನಾವೂ ಹೊಂದ್ಕೊಂಡು ಹೋಗ್ಬೇಕಲ್ಲ. ಈಗ ತಂದ್ಕೊಡ್ತಾರೆ. ನಾನೊಂದು ಟೀ ಕುಡಿದು ಬರ್ತೀನಿ."

ಟೀ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ದಿವ್ಯಾ ಓಂಕಾರಪ್ಪನವರ ಜೊತೆ ಗೋಡೌನಿನೊಳಗೇ ಬಂದರು. "ರುಚಿ ನೋಡೋರು ಎಲ್ಲಿ? ಅವರ ಕೋಣೆ ಖಾಲಿ ಇತ್ತಲ್ಲ."

"ಇಲ್ಲೇ ಎಲ್ಲೋ ಇರ್ಬೇಕು ಮೇಡಂ. ಅವ್ರು ಯಾರ ಕಣ್ಣಿಗೂ ಬೀಳಲ್ಲ," ಎಂದರು ಓಂಕಾರಪ್ಪ.

ಹದಿನೈದು ಮೂಟೆ ಎತ್ತರದಲ್ಲಿ, ಹೊಟ್ಟೆಯ ಬಳಿ ಮಿಯಾಂವ್ ಎನ್ನುತ್ತಿದ್ದ ಅಂಗಿಯನ್ನು ಒತ್ತಿಹಿಡಿದು, ರುದ್ರೇಶ ಉಸಿರು ಬಿಗಿಹಿಡಿದು ಕೂತ.

ಅವರು ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಗುಡುಗಿತು. ಮಾರ್ಚಿನ ಮಳೆ, ಹೇಳಿ ಕೇಳಿ ಬರುವುದಲ್ಲ. "ಕಣದಲ್ಲಿ ಒಣಗಾಕಿದ ಕಾಫಿ ನೆನೀತಿದೆ, ಯಾರಾದ್ರೂ ಬನ್ನಿ," ಎಂದು ಬೆಳ್ಳಿಯಪ್ಪ ಕೂಗಿದರು. ರುದ್ರೇಶ ಕಣ್ಣು ಮುಚ್ಚಿ ಖಾಲಿ ಚೀಲಗಳ ಮೇಲೆ ಧುಮುಕಿದ. ಪ್ಯಾಂಟು ಮೊಣಕಾಲಿನಿಂದ ಪಾದದವರೆಗೆ ಹರಿಯಿತು. ಹಾಗೇ ಓಡಿ ಟಾರ್ಪಾಲಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಬೆಳ್ಳಿಯಪ್ಪನವರ ಕೈಯಲ್ಲಿ. ಉಳಿದವರೆಲ್ಲ ವರಾಂಡದಲ್ಲಿ ನಿಂತು ಸಹಕರಿಸಿದರು.

"ಎಡಕ್ಕೆ ಎಳೀರಿ," ಎಂದಳು ರಜನಿ.

"ಎಡಕ್ಕಲ್ಲ ಮಾರಾಯ, ಬಲಕ್ಕೆ," ಎಂದ ಶಶಿಧರ್, ಟೀ ಲೋಟ ಹಿಡಿದುಕೊಂಡೇ.

ಗಾಳಿ ಎರಡು ಕಡೆಗೂ ಎಳೆಯಿತು. ಒದ್ದೆಯಾದ ಮರಿಗಳು ಅಂಗಿಯೊಳಗೆ ಉಗುರು ಚಾಚಿದವು. ರುದ್ರೇಶ ಕಣದ ತುಂಬ ಟಾರ್ಪಾಲು ಹಿಡಿದು ಕುಣಿದ. ಅಂತೂ ಟಾರ್ಪಾಲು ಕಾಫಿಯನ್ನು ಮುಚ್ಚಿತು. ಕೊಡೆಯ ಕೆಳಗೆ ನಿಂತ ದಿವ್ಯಾ ಏನೋ ಬರೆದುಕೊಂಡರು.

ನಾಲ್ಕು ಗಂಟೆಗೆ ಕರೆ ಬಂತು. ಕೆಸರು ತೊಟ್ಟಿಕ್ಕುತ್ತ ಒಳಗೆ ಹೋದರೂ ರುದ್ರೇಶನ ಎದೆ ಹಗುರಾಗಿತ್ತು. ಈ ಭಾನುವಾರ ಮಗಳಿಗೆ ಸುದ್ದಿ ಹೇಳಬಹುದು.

"ಕೂತ್ಕೊಳ್ಳಿ," ಎಂದರು ದಿವ್ಯಾ. "ನನ್ನ ಸರ್ವಿಸಿನಲ್ಲಿ ನಿಮ್ಮಂಥ ಟೀಮ್ ಪ್ಲೇಯರ್ ನೋಡಿಲ್ಲ. ಹತ್ತಕ್ಕೆ ಹತ್ತು."

"ಹಾಗಾದ್ರೆ ವರ್ಗ, ಮೇಡಂ?"

ದಿವ್ಯಾ ಕನ್ನಡಕ ತೆಗೆದರು. "ಅದೇ ಬೇಜಾರು ರುದ್ರೇಶ್ ಅವ್ರೆ. ಹೆಡ್ ಆಫೀಸಿನ ರುಚಿ ಕೋಣೇಲಿ ದಿನವಿಡೀ ಒಬ್ರೇ ಕೂರ್ಬೇಕು. ಯಾರ ಜೊತೆನೂ ಸೇರದೆ ಇರೋರೇ ಬೇಕಿತ್ತು. ನಿಮ್ಮ ಮ್ಯಾನೇಜರ್ ವರದಿ ನೋಡಿ, ನಿಮ್ಮ ಹೆಸರಿಗೇ ಆರ್ಡರ್ ತಂದಿದ್ದೆ."

ರುದ್ರೇಶನ ನಾಲಿಗೆ ಹೊರಳಲಿಲ್ಲ. ಈ ಸಲ ಬಾಯಲ್ಲಿ ಕಾಫಿ ಇರಲಿಲ್ಲ.

"ಆದ್ರೂ ನಿಮ್ಮನ್ನ ಒಂದ್ಸಲ ಕೇಳಿ ಆಮೇಲೆ ತೀರ್ಮಾನ ಮಾಡೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಇದು ಬಂತು," ಎಂದು ಅವರು ಒಂದು ಹಾಳೆ ಮುಂದೆ ಸರಿಸಿದರು.

'ರುದ್ರೇಶ್ ಅವರನ್ನು ದಯವಿಟ್ಟು ಇಲ್ಲಿಂದ ಕಳಿಸಬೇಡಿ' ಎಂದಿತ್ತು. ಕೆಳಗೆ ಓಂಕಾರಪ್ಪ, ರಜನಿ, ಶಶಿಧರ್, ಬೆಳ್ಳಿಯಪ್ಪ, ಹೀಗೆ ಸಾಲಾಗಿ ಹತ್ತೊಂಬತ್ತು ಜನರ ಸಹಿ. ಆ ಆಫೀಸಿನವರು ಎಲ್ಲರೂ ಸೇರಿ ಮಾಡಿದ ಮೊಟ್ಟಮೊದಲ ಕೆಲಸ ಅದು.